ಫೋಟೋ ಮಸುಕಾಗ್ತಿದ್ಯಾ, ಕಪ್ಪಾಗ್ತಿದ್ಯಾ? ಕಾಂಪ್ಯಾಕ್ಟ್ ಕ್ಯಾಮೆರಾ ಕೆಟ್ಟೋಯ್ತು ಅನ್ನೋ ಮುಂಚೆ ನೋಡ್ಬೇಕಾದ್ದು

ಮೊದಲಿಗೆ ಒಂದು ರಿಕ್ವೆಸ್ಟ್. ಹಾಳಾಗಿ ಬಂದಿರೋ ಫೋಟೋನ ದಯವಿಟ್ಟು ಡಿಲೀಟ್ ಮಾಡ್ಬೇಡಿ. ಎಲ್ರೂ ಮಾಡೋ ಮೊದಲ ಕೆಲ್ಸಾನೇ ಅದು, ಮಸುಕಾಗಿ ಬಂತು ಥೂ ಅಂತ ಬೈಕೊಂಡು ಕಸದ ಬುಟ್ಟಿ ಬಟನ್ ಒತ್ತೋದು, ಆಮೇಲೆ ಬಂದು ಕ್ಯಾಮೆರಾ ಫೋಕಸ್ ಹೋಗಿದೆ ಏನ್ಮಾಡ್ಲಿ ಅಂತ ಕೇಳೋದು. ಎಲ್ಲಿ ಫೋಟೋ ತೋರ್ಸಿ ಅಂದ್ರೆ ಚೆನ್ನಾಗಿ ಬಂದಿರೋ ನಾಲ್ಕು ತೋರಿಸ್ತಾರೆ. ಜ್ವರ ಬಂದೋನು ಡಾಕ್ಟ್ರ ಹತ್ರ ತಮ್ಮನ್ನ ಕಳಿಸಿದ ಹಾಗಾಯ್ತು ಇದು. ಕೆಟ್ಟ ಫೋಟೋದಲ್ಲೇ ಅದು ಯಾಕೆ ಕೆಡ್ತು ಅನ್ನೋದು ಬರ್ದಿರುತ್ತೆ, ಅದನ್ನ ಓದೋದು ಒಂದು ಸಲ ಗೊತ್ತಾದ್ರೆ ಮುಕ್ಕಾಲು ಪಾಲು ಕೇಸಲ್ಲಿ ಕ್ಯಾಮೆರಾನ ಬಿಚ್ಚೋದೂ ಬೇಡ, ಸರ್ವೀಸ್‌ಗೆ ಕೊಡೋದೂ ಬೇಡ.

ನಾನೂ ಇದೇ ತಪ್ಪು ಮಾಡ್ದೋನೇ. ನನ್ನ ಮೊದಲ ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ಮನೆ ಒಳಗಡೆ ಝೂಮ್ ಮಾಡಿ ತೆಗ್ದಿದ್ದೆಲ್ಲಾ ಮಸುಕು, ಹೊರಗಡೆ ತೆಗ್ದಿದ್ದು ಚೆನ್ನಾಗಿರೋದು, ನಾನು ಝೂಮ್ ಲೆನ್ಸ್ ಕೆಟ್ಟಿದೆ ಅಂತ ತೀರ್ಮಾನ ಮಾಡ್ಕೊಂಡು ಮೂರು ಸಲ ಫ್ಯಾಕ್ಟರಿ ರೀಸೆಟ್ ಹೊಡ್ದು ಕೊನೆಗೆ ಸರ್ವೀಸ್‌ಗೂ ಕೊಟ್ಟೆ, ಅವ್ರು ಏನೂ ತೊಂದ್ರೆ ಇಲ್ಲ ಅಂತ ವಾಪಸ್ ಕೊಟ್ರು, ನಾನು ಅವ್ರನ್ನೂ ಬೈಕೊಂಡು ಬಂದೆ. ಎಷ್ಟೋ ದಿನ ಆದ್ಮೇಲೆ ಕಂಪ್ಯೂಟರಲ್ಲಿ ಒಂದು ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ ಡೀಟೇಲ್ಸ್ ನೋಡಿದ್ರೆ ಶಟರ್ ಸ್ಪೀಡ್, ಅಂದ್ರೆ ಬೆಳಕು ಒಳಗೆ ಬರೋಕೆ ಶಟರ್ ತೆರೆದಿರೋ ಹೊತ್ತು, 1/8 ಸೆಕೆಂಡ್! ಪೂರ್ತಿ ಝೂಮಲ್ಲಿ 1/8 ಸೆಕೆಂಡ್ ಕೈಯಲ್ಲಿ ಹಿಡ್ಕೊಂಡ್ರೆ ಮಸುಕಾಗ್ದೆ ಇನ್ನೇನಾಗುತ್ತೆ. ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಳಂತೆ, ಅದೇ ಕಥೆ.

ಯಾವ ಥರ ಮಸುಕು ಅನ್ನೋದು ಮುಖ್ಯ

ಮಸುಕು ಅನ್ನೋದು ಒಂದೇ ಕಾಯಿಲೆ ಅಲ್ಲ. ಕ್ಯಾಮೆರಾ ಸ್ಕ್ರೀನಲ್ಲಿ ಚಿಕ್ಕದಾಗಿ ನೋಡಿದ್ರೆ ಎಲ್ಲಾ ಒಂದೇ ಥರ ಕಾಣುತ್ತೆ, ಅದಕ್ಕೇ ಕಂಪ್ಯೂಟರಿಗೆ ಹಾಕಿ 100 ಪರ್ಸೆಂಟ್ ಝೂಮ್ ಮಾಡಿ ನೋಡ್ಬೇಕು. ಕಂಪ್ಯೂಟರ್ ಇಲ್ಲಾಂದ್ರೆ ಕ್ಯಾಮೆರಾದಲ್ಲೇ ಪ್ಲೇಬ್ಯಾಕ್ ಹಾಕಿ ಝೂಮ್ ಲಿವರ್ ತಿರುಗಿಸ್ತಾ ಹೋಗಿ, ಅದೂ ನಡ್ಯುತ್ತೆ.

ನೋಡುವಾಗ ಮೊದಲ ಪ್ರಶ್ನೆ, ಫೋಟೋದಲ್ಲಿ ಎಲ್ಲಾದ್ರೂ ಒಂದು ಕಡೆ ಶಾರ್ಪ್ ಇದ್ಯಾ? ಮುಖ ಮಸುಕು ಆದ್ರೆ ಹಿಂದಿರೋ ಗಿಡದ ಎಲೆ ಕಡ್ದಿಟ್ಟ ಹಾಗಿದೆ ಅಂದ್ರೆ ಕ್ಯಾಮೆರಾ ಫೋಕಸ್ ಮಾಡಿದೆ, ನಿಮಗೆ ಬೇಕಾದ ಜಾಗಕ್ಕೆ ಮಾಡಿಲ್ಲ ಅಷ್ಟೇ. ಇದು ನಿಜವಾದ ಫೋಕಸ್ ಮಿಸ್. ಎಲ್ಲಾ ನೆಟ್ಟಗಿದೆ, ಓಡ್ತಿರೋ ಮಗುವಿನ ಕೈ ಕಾಲು ಅಥವಾ ನಾಯಿ ಬಾಲ ಮಾತ್ರ ಎಳ್ದ ಹಾಗಿದೆ ಅಂದ್ರೆ ಅದು ಓಡ್ತಿರೋರ ಚಲನೆ, ಶಟರ್ ಸ್ಪೀಡ್ ಸಾಲ್ಲಿಲ್ಲ. ಇಡೀ ಫೋಟೋದಲ್ಲಿ ಎಲ್ಲಾನೂ ಒಂದೇ ದಿಕ್ಕಿಗೆ ಎಳ್ದಂಗಿದೆ, ದೂರದ ಲೈಟ್‌ಗಳು ಚುಕ್ಕಿ ಬದ್ಲು ಪುಟ್ಟ ಗೆರೆ ಥರ ಅಥವಾ ಹುಳು ಥರ ಆಗಿವೆ, ಹಂಗಿದ್ರೆ ನಿಮ್ಮ ಕೈ ಅಲ್ಲಾಡಿದೆ. ಲೈಟ್ ಚುಕ್ಕಿಗಳನ್ನ ನೋಡೋದು ತುಂಬಾ ಒಳ್ಳೆ ಟ್ರಿಕ್, ಫೋಕಸ್ ತಪ್ಪಿದ್ರೆ ಚುಕ್ಕಿ ಉಬ್ಬಿ ದುಂಡಗೆ ಬಿಲ್ಲೆ ಥರ ಆಗುತ್ತೆ, ಶೇಕ್ ಆದ್ರೆ ಗೆರೆ ಆಗುತ್ತೆ, ಇದರಲ್ಲಿ ಕನ್ಫ್ಯೂಸ್ ಆಗೋ ಚಾನ್ಸೇ ಇಲ್ಲ.

ಇನ್ನೊಂದು ಥರ ಇದೆ, ಎಲ್ಲಾ ಕಡೆ ಮಂಜು ಕವ್ದಂಗೆ, ಲೈಟ್ ಸುತ್ತ ಬೆಳ್ಳಗೆ ಹರಡ್ಕೊಂಡಂಗೆ, ಕಪ್ಪು ಕಪ್ಪಗಿರದೆ ಬೂದಿ ಬಣ್ಣಕ್ಕೆ ತಿರುಗಿರೋದು. ಅದು ಲೆನ್ಸ್ ಮೇಲಿರೋ ಬೆರಳಚ್ಚು. ಜೇಬಿಂದ ತೆಗಿಯುವಾಗ ಹೆಬ್ಬೆರಳು ಹೋಗಿ ಲೆನ್ಸ್ ಮೇಲೇ ಕೂತಿರುತ್ತೆ, ನಮಗೆ ಗೊತ್ತೇ ಆಗಿರಲ್ಲ. ಒಂದು ಮೆತ್ತನೆ ಮೈಕ್ರೋಫೈಬರ್ ಬಟ್ಟೆ ತಗೊಂಡು ಮೊದ್ಲು ಊದಿ ಧೂಳು ಹಾರ್ಸಿ ಆಮೇಲೆ ಮೆಲ್ಲಗೆ ಒರ್ಸಿ. ಧೂಳಿರುವಾಗ್ಲೇ ತಿಕ್ಕಿದ್ರೆ ಗೀರು ಬೀಳುತ್ತೆ. ಎಸಿ ರೂಮಿಂದ ಹೊರಗಿನ ಸೆಕೆಗೆ ಬಂದ ತಕ್ಷಣ ತೆಗೆದ ಫೋಟೋಗಳು ಮಾತ್ರ ಹಿಂಗೆ ಅಂದ್ರೆ ಅದು ತೇವ ಕೂತಿರೋದು, ಸ್ವಲ್ಪ ಹೊತ್ತು ಬಿಟ್ರೆ ತಾನೇ ಹೋಗುತ್ತೆ, ಒರೆಸ್ತಾ ಕೂರ್ಬೇಡಿ.

ಕೊನೇ ಥರದ್ದು ಹತ್ರದಿಂದ ನೋಡಿದ್ರೆ ನೀರಲ್ಲಿ ಬಣ್ಣ ಕಲಸಿದಂಗೆ, ಕೂದ್ಲು ಕೂದ್ಲಾಗಿ ಕಾಣದೆ ಒಂದು ಮುದ್ದೆ ಥರ ಇರೋದು. ಅದು ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ನಂಬರ್) ಜಾಸ್ತಿ ಆಗಿ, ಅದ್ರಿಂದ ಬರೋ ಕಾಳುಕಾಳನ್ನ ಕ್ಯಾಮೆರಾ ಒಳಗೇ ಅಳಿಸೋಕೆ ಹೋಗಿ ಡೀಟೇಲೂ ಸೇರ್ಸಿ ಅಳ್ಸಿರೋದು. ಡಿಜಿಟಲ್ ಝೂಮ್ ಆನ್ ಇದ್ರೂ ಹೀಗೇ ಕಾಣುತ್ತೆ. ಡಿಜಿಟಲ್ ಝೂಮನ್ನ ಮೆನುಗೆ ಹೋಗಿ ಇವತ್ತೇ ಆಫ್ ಮಾಡಿ, ಅದ್ರಿಂದ ಯಾರಿಗೂ ಯಾವತ್ತೂ ಉಪಕಾರ ಆಗಿಲ್ಲ ಅನ್ನೋದು ನನ್ನ ಖಡಕ್ ಅಭಿಪ್ರಾಯ. ಮಧ್ಯದ ತುಂಡು ಕತ್ತರಿಸಿ ದೊಡ್ಡದು ಮಾಡೋ ಕೆಲ್ಸ ಅದು, ಆಮೇಲೆ ನೀವೇ ಕ್ರಾಪ್ ಮಾಡ್ಬೋದು.

ಫೋಟೋ ಜೊತೆ ಬಂದಿರೋ ನಂಬರ್ ಓದೋದು

ಪ್ರತಿ ಫೋಟೋ ಫೈಲ್ ಒಳಗೆ ಎಕ್ಸಿಫ್ ಅಂತ ಒಂದು ಮಾಹಿತಿ ಇರುತ್ತೆ, ಶಟರ್ ಸ್ಪೀಡ್, ಅಪರ್ಚರ್ (ಲೆನ್ಸಲ್ಲಿ ಬೆಳಕು ಬರೋ ತೂತು, ಎಫ್ ನಂಬರ್ ದೊಡ್ಡದಾದಷ್ಟೂ ತೂತು ಚಿಕ್ಕದು), ಐಎಸ್ಒ, ಫೋಕಲ್ ಲೆಂತ್ (ಲೆನ್ಸ್ ಎಷ್ಟು ಝೂಮ್ ಆಗಿತ್ತು ಅನ್ನೋ ನಂಬರ್), ಫ್ಲಾಶ್ ಹೊಡೀತೋ ಇಲ್ವೋ, ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಎಷ್ಟಿತ್ತು, ಎಲ್ಲಾ. ಕ್ಯಾಮೆರಾದಲ್ಲಿ ಪ್ಲೇಬ್ಯಾಕಲ್ಲಿ ಡಿಸ್ಪ್ಲೇ ಬಟನ್ ಒಂದೆರಡು ಸಲ ಒತ್ತಿದ್ರೆ ಬರುತ್ತೆ.

ಫೋಕಲ್ ಲೆಂತ್ ನೋಡಿ ಗಾಬರಿ ಆಗ್ಬೇಡಿ, 5 ಎಂಎಂ, 25 ಎಂಎಂ ಅಂತೆಲ್ಲಾ ಇರುತ್ತೆ. ಸಾಮಾನ್ಯ ಕಾಂಪ್ಯಾಕ್ಟ್‌ಗಳಲ್ಲಿರೋ 1/2.3 ಇಂಚಿನ ಸೆನ್ಸರ್ (ಬೆಳಕು ಹಿಡಿಯೋ ಚಿಪ್) ಸುಮಾರು 6.2 ಎಂಎಂ ಅಗಲ 4.6 ಎಂಎಂ ಎತ್ತರ ಅಷ್ಟೇ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಹಾಗಾಗಿ ಆ ನಂಬರನ್ನ ಸುಮಾರು 5.6ರಿಂದ ಗುಣಿಸ್ಬೇಕು, 5 ಎಂಎಂ ಅಂದ್ರೆ ಹಳೇ ಫಿಲ್ಮ್ ಕ್ಯಾಮೆರಾ ಲೆಕ್ಕದಲ್ಲಿ 28, 25 ಎಂಎಂ ಅಂದ್ರೆ 140. ಯಾಕೆ ಈ ಗುಣಾಕಾರ ಅಂದ್ರೆ ಕೈಯಲ್ಲಿ ಹಿಡಿದು ತೆಗೆಯೋಕೆ ಎಷ್ಟು ಶಟರ್ ಸ್ಪೀಡ್ ಬೇಕು ಅನ್ನೋ ಹಳೇ ಅಂದಾಜು ಇದ್ರ ಮೇಲೇ ನಿಂತಿದೆ, 28ಕ್ಕೆ 1/30 ಸೆಕೆಂಡ್, 140ಕ್ಕೆ 1/150 ಹತ್ರ. ಸ್ಟೆಬಿಲೈಸೇಶನ್ ಇದ್ರೆ ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಡಬಲ್ ಇಲ್ಲಾ ಅರ್ಧ) ಸಡಿಲ ಸಿಗುತ್ತೆ, ಅಂದ್ರೆ 1/125 ಬೇಕಾದ ಕಡೆ 1/30, ಕೈ ಗಟ್ಟಿ ಇದ್ರೆ 1/15 ಕೂಡ ನಡೀಬಹುದು. ಆದ್ರೆ ನೆನಪಿರ್ಲಿ, ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕನ ಮಾತ್ರ ಹಿಡಿಯುತ್ತೆ, ಎದುರಿಗೆ ಓಡಾಡೋ ಮಗುನ ಹಿಡ್ಕೊಳ್ಳೋ ಶಕ್ತಿ ಅದಕ್ಕಿಲ್ಲ. ಮಗುಗೆ 1/250 ಆದ್ರೂ ಬೇಕು.

ಈಗ ನನ್ನ ಝೂಮ್ ಲೆನ್ಸ್ ಕೇಸಿಗೆ ಬನ್ನಿ. ಕಾಂಪ್ಯಾಕ್ಟ್ ಲೆನ್ಸ್ ವೈಡಲ್ಲಿ, ಅಂದ್ರೆ ಝೂಮ್ ಮಾಡ್ದೆ ಇರುವಾಗ, ಎಫ್ 2.8 ಇದ್ರೆ ಪೂರ್ತಿ ಝೂಮಲ್ಲಿ ಎಫ್ 5.9 ಆಗೋದು ಮಾಮೂಲಿ, ಅಂದ್ರೆ ಬೆಳಕು ಹೆಚ್ಚುಕಮ್ಮಿ ಕಾಲು ಭಾಗಕ್ಕೆ ಇಳೀತು. ಅದೇ ರೂಮಲ್ಲಿ ವೈಡಲ್ಲಿ 1/60 ಸಿಗ್ತಿದ್ದ ಜಾಗದಲ್ಲಿ ಝೂಮ್ ಮಾಡಿದ್ರೆ 1/15 ಸಿಗುತ್ತೆ. ಆದ್ರೆ ಝೂಮ್ ಮಾಡಿದ್ಮೇಲೆ ಬೇಕಾಗಿರೋದು 1/30 ಅಲ್ಲ, 1/150! ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ ಹಾಗೆ, ಒಂದು ಕಡೆ ಬೆಳಕು ಕಮ್ಮಿ ಆಗ್ತಾ ಇದೆ, ಇನ್ನೊಂದು ಕಡೆ ಬೇಕಾದ ಸ್ಪೀಡ್ ಜಾಸ್ತಿ ಆಗ್ತಾ ಇದೆ. ಹಾಗಾಗಿ ಮನೆ ಒಳಗೆ ಝೂಮ್ ಫೋಟೋ ಮಸುಕು ಅಂದ್ರೆ ಪರಿಹಾರ ಮೆನುನಲ್ಲಿಲ್ಲ, ಕಾಲಲ್ಲಿದೆ. ಝೂಮ್ ವಾಪಸ್ ಮಾಡಿ ಎರಡು ಹೆಜ್ಜೆ ಮುಂದೆ ಹೋಗಿ. ಹೋಗೋಕಾಗಲ್ಲ ಅಂದ್ರೆ ಐಎಸ್ಒ ಏರ್ಸಿ, ಗೋಡೆಗೆ ಒರಗಿ ನಿಂತ್ಕೊಳ್ಳಿ, ಮೊಣಕೈನ ಪಕ್ಕೆಗೆ ಒತ್ತಿ ಹಿಡೀರಿ, ಕ್ಯಾಮೆರಾನ ಟೇಬಲ್ ಮೇಲಿಟ್ಟು 2 ಸೆಕೆಂಡ್ ಟೈಮರ್ ಹಾಕಿ. ಆ ಟೈಮರ್ ಇರೋದು ನಾವೂ ಫೋಟೋದಲ್ಲಿ ಬರೋಕೆ ಅಲ್ಲ, ಬಟನ್ ಒತ್ತಿದಾಗ ಆಗೋ ಅಲುಗಾಟ ನಿಲ್ಲೋಕೆ, ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಫೋಕಸ್ ನಿಜವಾಗ್ಲೂ ತಪ್ಪಿದ್ರೆ

ಇದಕ್ಕಿಂತ ಮುಂಚೆ ಒಂದು ಲೆಕ್ಕ. ಸೆನ್ಸರ್ ಅಷ್ಟು ಚಿಕ್ಕದಿರೋದ್ರಿಂದ ವೈಡಲ್ಲಿ, ಅಂದ್ರೆ ಆ 5 ಎಂಎಂನಲ್ಲಿ, ಎಫ್ 2.8 ಇಟ್ಕೊಂಡು ಎರಡು ಮೀಟರ್ ದೂರಕ್ಕೆ ಫೋಕಸ್ ಆದ್ರೆ ಸರಿಸುಮಾರು ಒಂದು ಮೀಟರಿಂದ ಹಿಡಿದು ದೂರದ ಬೆಟ್ಟದ ತನಕ ಎಲ್ಲಾ ಸಾಕಷ್ಟು ಶಾರ್ಪಾಗೇ ಬರುತ್ತೆ. ಅಂದ್ರೆ ವೈಡಲ್ಲಿ ತೆಗೆದ ಮಾಮೂಲಿ ಗುಂಪು ಫೋಟೋ ಪೂರ್ತಿ ಮಸುಕು ಬಂದ್ರೆ ಫೋಕಸ್ ಮೇಲೆ ಅನುಮಾನ ಪಡೋದು ಕೊನೆಗೆ, ಮೊದ್ಲು ಶೇಕ್, ಆಮೇಲೆ ಲೆನ್ಸ್ ಗಲೀಜು, ಆಮೇಲೆ ಮ್ಯಾಕ್ರೋ ಮೋಡ್ (ತೀರಾ ಹತ್ರದ ಫೋಟೋಗೆ ಇರೋದು) ಆನ್ ಆಗಿ ಉಳ್ಕೊಂಡಿದ್ಯಾ ಅಂತ. ಝೂಮಲ್ಲಿ ಮತ್ತೆ ತೀರಾ ಹತ್ರದ ಫೋಟೋಗಳಲ್ಲಿ ಮಾತ್ರ ಫೋಕಸ್ ಮಿಸ್ ಅನ್ನೋದು ದೊಡ್ಡ ವಿಷ್ಯ.

ಹಾಫ್ ಪ್ರೆಸ್ ಮಾಡ್ತೀರಾ ಅಂತ ಕೇಳಿದ್ರೆ ಎಲ್ರೂ ಹೂಂ ಅಂತಾರೆ, ನೋಡಿದ್ರೆ ಮಾಡಲ್ಲ, ಒಂದೇ ಏಟಿಗೆ ಗುದ್ದಿ ಬಿಡ್ತಾರೆ. ಬಟನ್ನನ್ನ ಅರ್ಧ ಒತ್ತಿ ಹಿಡ್ಕೊಂಡ್ರೆ ಕ್ಯಾಮೆರಾ ಫೋಕಸ್ ಹುಡುಕಿ, ಬೆಳಕನ್ನೂ ಅಳೆದು, ಎರಡನ್ನೂ ಲಾಕ್ ಮಾಡುತ್ತೆ, ಹೆಚ್ಚಿನ ಮಾಡೆಲಲ್ಲಿ ಚೌಕ ಹಸಿರಾಗಿ ಬೀಪ್ ಅನ್ನುತ್ತೆ. ಸಿಗ್ಲಿಲ್ಲ ಅಂದ್ರೆ ಚೌಕ ಕೆಂಪೋ ಹಳದಿನೋ ಆಗುತ್ತೆ ಇಲ್ಲಾ ಮಿಣುಕುತ್ತೆ, ಆದ್ರೂ ನೀವು ಪೂರ್ತಿ ಒತ್ತಿದ್ರೆ ಎಷ್ಟೋ ಕ್ಯಾಮೆರಾ ಸುಮ್ನೆ ಫೋಟೋ ತೆಗ್ದು ಕೊಡುತ್ತೆ. ತಪ್ಪು ಯಾರ್ದು ಹೇಳಿ.

ಯಾಕೆ ಸಿಗಲ್ಲ ಅನ್ನೋದು ಅರ್ಥ ಆಗ್ಬೇಕಂದ್ರೆ ಅದು ಕೆಲ್ಸ ಮಾಡೋ ರೀತಿ ಗೊತ್ತಿರ್ಬೇಕು. 1977ರಲ್ಲಿ ಕೊನಿಕಾ ಸಿ35 ಎಎಫ್ ಅಂತ ಮೊದಲ ಆಟೋಫೋಕಸ್ ಕಾಂಪ್ಯಾಕ್ಟ್ ಮಾರ್ಕೆಟ್ಟಿಗೆ ಬಂದಾಗ ಫೋಕಸ್ಸಿಗೆ ಅಂತಾನೇ ಬೇರೆ ಪುಟ್ಟ ಕಿಟಕಿಗಳಿದ್ವು. ಈಗಿನ ಸಾಮಾನ್ಯ ಡಿಜಿಟಲ್ ಕಾಂಪ್ಯಾಕ್ಟಲ್ಲಿ ಹಂಗಿಲ್ಲ, ಫೋಟೋ ತೆಗೆಯೋ ಸೆನ್ಸರೇ ಫೋಕಸ್ಸನ್ನೂ ನೋಡುತ್ತೆ. ಲೆನ್ಸನ್ನ ಹಿಂದೆ ಮುಂದೆ ಮಾಡ್ತಾ ಚೌಕದ ಒಳಗಿರೋ ಅಂಚುಗಳು ಎಲ್ಲಿ ಅತೀ ಹೆಚ್ಚು ಕಾಂಟ್ರಾಸ್ಟ್ ಆಗಿ ಕಾಣ್ತವೆ ಅಂತ ಹುಡುಕುತ್ತೆ, ಅದಕ್ಕೇ ಒಂದು ಸಲ ದಾಟಿ ಹೋಗಿ ವಾಪಸ್ ಬರುತ್ತೆ, ಆ ಜುಂಯ್ ಜುಂಯ್ ಸದ್ದು ಅದೇ, ಕೆಟ್ಟಿರೋ ಸದ್ದಲ್ಲ. ಹಂಗಾಗಿ ಚೌಕದ ಒಳಗೆ ಅಂಚೇ ಇಲ್ದಿದ್ರೆ, ಉದಾಹರಣೆಗೆ ಖಾಲಿ ಗೋಡೆ, ನೀಲಿ ಆಕಾಶ, ಕಪ್ಪು ಬಟ್ಟೆ, ಅದಕ್ಕೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ. ಕತ್ತಲಲ್ಲೂ ಅಷ್ಟೇ, ಅದಕ್ಕೇ ಮುಂದೆ ಒಂದು ಕಿತ್ತಳೆ ಬಣ್ಣದ ಎಎಫ್ (ಆಟೋಫೋಕಸ್) ಲೈಟ್ ಹತ್ತುತ್ತೆ, ಅದನ್ನ ಆಫ್ ಮಾಡಿಟ್ಟಿದ್ರೆ ಆನ್ ಮಾಡಿ, ಬೆರಳು ಅದರ ಮೇಲೆ ಬಂದಿದ್ಯಾ ನೋಡ್ಕೊಳ್ಳಿ. ಪರಿಹಾರ ಸುಲಭ, ಅಷ್ಟೇ ದೂರದಲ್ಲಿರೋ ಬೇರೆ ಏನಾದ್ರೂ ಅಂಚು, ಕಾಲರ್ರೋ, ಬಾಗಿಲ ಚೌಕಟ್ಟೋ, ಅದರ ಮೇಲೆ ಹಾಫ್ ಪ್ರೆಸ್ ಮಾಡಿ ಬೆರಳು ಬಿಡ್ದೆ ಕ್ಯಾಮೆರಾ ತಿರುಗಿಸಿ ಪೂರ್ತಿ ಒತ್ತಿ. ಒಂದು ಎಚ್ಚರ, ಹೀಗೆ ಲಾಕ್ ಮಾಡಿದಾಗ ಬೆಳಕಿನ ಅಳತೆನೂ ಅಲ್ಲೇ ಲಾಕ್ ಆಗಿರುತ್ತೆ, ಹಂಗಾಗಿ ಅಷ್ಟೇ ಬೆಳಕಿರೋ ವಸ್ತುನೇ ಆರ್ಸ್ಕೊಳ್ಳಿ.

ಪಂಜರದೊಳಗಿರೋ ಹಕ್ಕಿ ತೆಗೆಯೋಕೆ ಹೋದ್ರೆ ಕಂಬಿ ಶಾರ್ಪು ಹಕ್ಕಿ ಮಸುಕು, ಕಿಟಕಿ ಗಾಜಿಂದ ತೆಗೆದ್ರೆ ಗಾಜಿನ ಮೇಲಿನ ಮಳೆಹನಿ ಶಾರ್ಪು. ಇದು ಎಎಫ್ ಏರಿಯಾ ಸಮಸ್ಯೆ. ಆಟೋದಲ್ಲಿ ಕ್ಯಾಮೆರಾ ಒಂಬತ್ತೋ ಇಪ್ಪತ್ತೋ ಚೌಕದಲ್ಲಿ ತನಗೆ ಬೇಕಾದ್ದನ್ನ ಆರಿಸುತ್ತೆ, ಮತ್ತೆ ಅದು ಆರಿಸೋದು ಹೆಚ್ಚಾಗಿ ಹತ್ತಿರದ್ದು ಇಲ್ಲಾ ಅಂಚು ಜಾಸ್ತಿ ಇರೋದು. ಪಿ (ಪ್ರೋಗ್ರಾಮ್) ಮೋಡಿಗೆ ಹೋಗಿ ಎಎಫ್ ಏರಿಯಾನ ಸೆಂಟರ್ ಅಥವಾ ಸಿಂಗಲ್ ಪಾಯಿಂಟ್ ಮಾಡಿ, ಆ ಚಿಕ್ಕ ಚೌಕನ ಕಂಬಿ ಸಂದಿಯಲ್ಲಿ ತೂರ್ಸಿ. ನಾನು ವರ್ಷಾನುಗಟ್ಲೆ ಸೆಂಟರಲ್ಲೇ ಇಟ್ಟಿದೀನಿ, ಫೇಸ್ ಡಿಟೆಕ್ಷನ್ ಬೇಕಾದಾಗ ಮಾತ್ರ. ಫೇಸ್ ಡಿಟೆಕ್ಷನ್ ಒಳ್ಳೇದೇ, ಆದ್ರೆ ಹಿಂದಿನ ಗೋಡೆ ಮೇಲಿರೋ ಪೋಸ್ಟರಿನ ಮುಖಾನೂ ಮುಖ ಅಂತಾನೇ ಅನ್ಕೊಳ್ಳುತ್ತೆ.

ಹತ್ರದ ಫೋಟೋ. ಹೂವಿನ ಗುರುತಿರೋ ಮ್ಯಾಕ್ರೋ ಮೋಡ್ ಹಾಕಿನೂ ಫೋಕಸ್ ಆಗ್ತಿಲ್ಲ ಅಂದ್ರೆ ತೊಂಬತ್ತು ಭಾಗ ನೀವು ಝೂಮ್ ಮಾಡಿದೀರ. ಎಷ್ಟೋ ಮಾಡೆಲ್‌ಗಳು ವೈಡಲ್ಲಿ 5 ಸೆಂಟಿಮೀಟರ್ ತನಕ ಹತ್ರ ಹೋಗ್ತವೆ, ಝೂಮ್ ಪೂರ್ತಿ ಎಳೆದ್ರೆ ಅದೇ ಕ್ಯಾಮೆರಾಗೆ 30, 50 ಸೆಂಟಿಮೀಟರ್ ದೂರ ಬೇಕಾಗುತ್ತೆ. ಮ್ಯಾನ್ಯುಯಲ್ ಕೊನೇ ಪುಟದ ಸ್ಪೆಸಿಫಿಕೇಶನಲ್ಲಿ ಈ ಎರಡೂ ನಂಬರ್ ಕೊಟ್ಟಿರ್ತಾರೆ, ನಿಮ್ಮ ಮಾಡೆಲ್ದು ನೋಡ್ಕೊಂಡು ಒಂದು ಸ್ಕೇಲ್ ಇಟ್ಟು ಟೆಸ್ಟ್ ಮಾಡಿ. ಕೆಲ್ಸ ಮುಗಿದ್ಮೇಲೆ ಹೂವಿನ ಗುರುತು ತೆಗೀರಿ, ಬೆಟ್ಟದ ಗುರುತು ಇದ್ರೆ ಅದನ್ನೂ ತೆಗೀರಿ. ಬೆಟ್ಟ ಅಂದ್ರೆ ಇನ್ಫಿನಿಟಿ, ಅದು ಆನ್ ಇದ್ರೆ ಎದುರಿಗಿರೋ ಮನುಷ್ಯ ಮಸುಕು, ಹಿಂದಿನ ಕಟ್ಟಡ ಚೊಕ್ಕ. ಈ ಎರಡು ಗುರುತುಗಳು ಜೇಬಲ್ಲಿ ಬಟನ್ ಒತ್ತಿಕೊಂಡೇ ಬಂದಿರ್ತವೆ.

ಕಪ್ಪು, ಬಿಳುಪು, ಮತ್ತೆ ಬೂದು

ಎಕ್ಸ್‌ಪೋಶರ್, ಅಂದ್ರೆ ಫೋಟೋಗೆ ಬಿದ್ದ ಬೆಳಕು ಹೆಚ್ಚುಕಮ್ಮಿ ಆಗಿರೋ ಕಂಪ್ಲೇಂಟಲ್ಲಿ ಮೊದ್ಲು ನೋಡೋದು ಒಂದೇ ಒಂದು ನಂಬರ್, ಎಕ್ಸ್‌ಪೋಶರ್ ಕಾಂಪೆನ್ಸೇಶನ್. ಪ್ಲಸ್ಸು ಮೈನಸ್ಸು ಗುರುತಿರೋ ಬಟನ್, ಹೆಚ್ಚಾಗಿ ಮೈನಸ್ 2ರಿಂದ ಪ್ಲಸ್ 2 ತನಕ, ಮೂರನೇ ಒಂದು ಸ್ಟಾಪಿನ ಮೆಟ್ಟಿಲುಗಳಲ್ಲಿ. ಪ್ಲಸ್ 1 ಅಂದ್ರೆ ಬೆಳಕು ಡಬಲ್. ಯಾವತ್ತೋ ಒಂದು ದಿನ ಮೈನಸ್ 1 ಇಟ್ಟು ಮರೆತಿರ್ತೀವಿ, ಬಹಳ ಕ್ಯಾಮೆರಾಗಳು ಪಿ ಮೋಡಲ್ಲಿ ಅದನ್ನ ಆಫ್ ಮಾಡಿ ಆನ್ ಮಾಡಿದ್ರೂ ನೆನಪಿಟ್ಕೊಂಡಿರ್ತವೆ, ಆಟೋ ಮೋಡಿಗೆ ಹೋದ್ರೆ ಸರಿ ಹೋಗುತ್ತೆ, ಪಿಗೆ ಬಂದ್ರೆ ಮತ್ತೆ ಕಪ್ಪು, ಜನ ಪಿ ಮೋಡೇ ಕೆಟ್ಟಿದೆ ಅಂತಾರೆ. ಸೊನ್ನೆಗೆ ತನ್ನಿ, ಮುಗೀತು.

ಆಟೋ ಮೋಡಲ್ಲೇ ಇರೋರಿಗೆ ಈ ಬಟನ್ ಕೆಲ್ಸಾನೇ ಮಾಡಲ್ಲ, ಎಷ್ಟೋ ಮಾಡೆಲಲ್ಲಿ ಆಟೋದಲ್ಲಿ ಐಎಸ್ಒ, ಮೀಟರಿಂಗ್ (ಬೆಳಕು ಅಳೆಯೋ ರೀತಿ), ಎಎಫ್ ಏರಿಯಾ ಯಾವ್ದೂ ಮುಟ್ಟೋಕೆ ಬಿಡಲ್ಲ, ಮೆನುನಲ್ಲಿ ಬೂದಿ ಬಣ್ಣ ಆಗಿ ಕೂತಿರ್ತವೆ. ಅದು ದೋಷ ಅಲ್ಲ, ಪಿ ಮೋಡಿಗೆ ಬನ್ನಿ. ಶಟರ್ ಅಪರ್ಚರ್ ಎರಡನ್ನೂ ಅದೇ ನೋಡ್ಕೊಳ್ಳುತ್ತೆ, ನಿಮ್ಮ ಮಾತೂ ಕೇಳುತ್ತೆ.

ಇನ್ನು ಸೊನ್ನೆಯಲ್ಲಿದ್ರೂ ಫೋಟೋ ಸರಿ ಬರ್ತಿಲ್ಲ ಅಂದ್ರೆ ಎದುರಿಗೆ ಏನಿತ್ತು ಅಂತ ನೋಡಿ. ಮೀಟರಿಗೆ ನೋಡ್ತಿರೋದು ಹಿಮನೋ ಇದ್ದಿಲೋ ಗೊತ್ತಿಲ್ಲ, ಅದು ಎಲ್ಲಾನೂ ಮಧ್ಯಮ ಬೂದು ಅನ್ಕೊಂಡು ಲೆಕ್ಕ ಹಾಕುತ್ತೆ, 18 ಪರ್ಸೆಂಟ್ ಗ್ರೇ ಅಂತ ಫೋಟೋಗ್ರಫಿಯವ್ರು ಹೇಳೋದು ಇದನ್ನೇ. ಬಿಳಿ ಗೋಡೆ ತೆಗೆದ್ರೆ ಇಷ್ಟೊಂದು ಬೆಳಕು ಜಾಸ್ತಿ ಆಯ್ತು ಅಂತ ಇಳಿಸಿ ಬೂದಿ ಗೋಡೆ ಮಾಡುತ್ತೆ, ಕಪ್ಪು ಬೆಕ್ಕು ತೆಗೆದ್ರೆ ಕತ್ತಲೆ ಜಾಸ್ತಿ ಆಯ್ತು ಅಂತ ಏರಿಸಿ ಬೂದಿ ಬೆಕ್ಕು ಮಾಡುತ್ತೆ. ಹಂಗಾಗಿ ಉಲ್ಟಾ ಅನ್ನಿಸಿದ್ರೂ ಬಿಳಿಗೆ ಪ್ಲಸ್, ಕಪ್ಪಿಗೆ ಮೈನಸ್. ಹಿಮ, ಬಿಳಿ ಮರಳು, ಬಿಳಿ ಕಾಗದ ಇವಕ್ಕೆ ಪ್ಲಸ್ 1ರಿಂದ ಶುರು ಮಾಡಿ, ಕಪ್ಪು ನಾಯಿಗೆ ಮೈನಸ್ 2/3 ಟ್ರೈ ಮಾಡಿ. ಮನಸ್ಸಿಗೆ ಒಪ್ಪಲ್ಲ, ಬಿಳಿ ಇದೆ ಕಮ್ಮಿ ಮಾಡೋಣ ಅನ್ಸುತ್ತೆ, ನನಗೂ ಅಭ್ಯಾಸ ಆಗೋಕೆ ತಿಂಗಳುಗಟ್ಲೆ ಹಿಡೀತು.

ಕಿಟಕಿ ಮುಂದೆ ನಿಂತವರ ಮುಖ ಕಪ್ಪು ಬರೋದೂ ಇದೇ ಲೆಕ್ಕ, ಹಿಂದಿನ ಬೆಳಕಿಗೆ ಮೀಟರ್ ಮೋಸ ಹೋಗಿದೆ. ಪ್ಲಸ್ 1 ಕೊಟ್ರೆ ಮುಖ ಸರಿ ಹೋಗಿ ಕಿಟಕಿ ಹೊರಗಿರೋದೆಲ್ಲಾ ಬೆಳ್ಳಗಾಗುತ್ತೆ. ಎರಡೂ ಬೇಕಂದ್ರೆ ಫ್ಲಾಶನ್ನ ಆಟೋ ಬಿಟ್ಟು ಫೋರ್ಸ್ ಆನ್ ಮಾಡಿ, ಹೌದು, ಹಗಲಲ್ಲೇ. ಆಟೋ ಫ್ಲಾಶ್ ಎಷ್ಟೋ ಸಲ ಇಷ್ಟು ಬೆಳಕಿದ್ಯಲ್ಲ ಅಂತ ಸುಮ್ನಿರುತ್ತೆ, ನಾವೇ ಬಲವಂತ ಮಾಡ್ಬೇಕು. ಆದ್ರೆ ಈ ಪುಟ್ಟ ಫ್ಲಾಶಿನ ಕೈ ಮೂರು ನಾಲ್ಕು ಮೀಟರಾಚೆ ಎಟುಕಲ್ಲ, ಝೂಮ್ ಮಾಡಿದ್ರೆ ಇನ್ನೂ ಕಮ್ಮಿ, ಸ್ಟೇಡಿಯಂ ಮೇಲಿನ ಸಾಲಲ್ಲಿ ಕೂತು ಫ್ಲಾಶ್ ಹೊಡೆದ್ರೆ ಮುಂದಿನ ಸಾಲಿನವರ ತಲೆ ಮಾತ್ರ ಬೆಳಗುತ್ತೆ. ಮತ್ತೆ ಹತ್ರದ ಫ್ಲಾಶ್ ಫೋಟೋದಲ್ಲಿ ಕೆಳಗಡೆ ಅರ್ಧಚಂದ್ರಾಕಾರದ ಕಪ್ಪು ಕಲೆ ಬಂದ್ರೆ ಸೆನ್ಸರ್ ಹೋಯ್ತು ಅಂತ ಎದೆ ಬಡ್ಕೋಬೇಡಿ, ಅದು ಹೊರಗೆ ಚಾಚಿರೋ ಲೆನ್ಸಿನ ನೆರಳು.

ಸ್ವಲ್ಪ ಅಲುಗಿದ್ರೂ ಸಾಕು, ಒಂದು ಫೋಟೋ ಬೆಳ್ಳಗೆ ಇನ್ನೊಂದು ಕಪ್ಪಗೆ, ಅದೇ ಜಾಗ ಅದೇ ಬೆಳಕು, ಹಿಂಗಾಗ್ತಿದ್ರೆ ಮೀಟರಿಂಗ್ ಸ್ಪಾಟಲ್ಲಿದೆ. ಸ್ಪಾಟ್ ಮಧ್ಯದ ಒಂದು ಚೂರನ್ನ ಮಾತ್ರ ಅಳೆಯುತ್ತೆ, ಆ ಚೂರು ಶರ್ಟಿಂದ ಗೋಡೆಗೆ ಜರುಗಿದ್ರೆ ಇಡೀ ಫೋಟೋ ಬದಲಾಗುತ್ತೆ. ಮಲ್ಟಿ ಅಥವಾ ಇವ್ಯಾಲ್ಯುಯೇಟಿವ್ ಅಂತಿರೋದಕ್ಕೆ ವಾಪಸ್ ಹಾಕಿ.

ಒಂದು ಫೋಟೋ ಹಳದಿ ಇನ್ನೊಂದು ಕಪ್ಪು, ಇಲ್ಲಾ ಫೋಟೋ ತುಂಬಾ ಅಡ್ಡಡ್ಡ ಪಟ್ಟೆ, ಅದೂ ಎಲ್ಇಡಿ ಅಥವಾ ಟ್ಯೂಬ್‌ಲೈಟ್ ಕೆಳಗೆ ಮಾತ್ರ ಅಂದ್ರೆ ಲೈಟ್ ಮಿಣುಕೋದು ಸಿಕ್ಕಾಕೊಂಡಿದೆ. 50 ಹರ್ಟ್ಸ್ ಕರೆಂಟಲ್ಲಿ ಲೈಟ್ ಸೆಕೆಂಡಿಗೆ 100 ಸಲ ಏರಿಳಿಯುತ್ತೆ, 60 ಹರ್ಟ್ಸ್ ಇರೋ ಕಡೆ 120. 50 ಹರ್ಟ್ಸ್ ಇರೋ ಕಡೆ ಶಟರನ್ನ 1/100, 1/50ಗೆ ತಂದ್ರೆ ಹೋಗುತ್ತೆ, ಶಟರ್ ಸೆಟ್ ಮಾಡೋ ಸೌಲಭ್ಯ ಇಲ್ಲಾಂದ್ರೆ ಐಎಸ್ಒ ಇಳಿಸಿ, ಶಟರ್ ತಾನೇ ನಿಧಾನ ಆಗುತ್ತೆ.

ಸ್ಕ್ರೀನನ್ನ ನಂಬ್ಬೇಡಿ. ಬಿಸಿಲಲ್ಲಿ ಎಲ್ಲಾ ಕಪ್ಪಗೆ ಕಾಣುತ್ತೆ ಅಂತ ಪ್ಲಸ್ ಕೊಟ್ಟು ಮನೆಗೆ ಬಂದು ನೋಡಿದ್ರೆ ಆಕಾಶ ಎಲ್ಲಾ ಸುಣ್ಣ. ಹಿಸ್ಟೋಗ್ರಾಮ್ (ಎಡಗಡೆ ಕಪ್ಪು, ಬಲಗಡೆ ಬಿಳಿ ಎಷ್ಟಿದೆ ಅಂತ ತೋರ್ಸೋ ಗ್ರಾಫ್) ಇದ್ರೆ ಅದನ್ನ ನೋಡಿ, ಗುಡ್ಡ ಬಲಗಡೆ ಗೋಡೆಗೆ ಹೋಗಿ ಗುದ್ದಿ ನಿಂತಿದ್ರೆ ಬಿಳಿ ಸುಟ್ಟೋಗಿದೆ ಅಂತ. ಸುಟ್ಟ ಬಿಳಿನ ಜೆಪೆಗ್‌ನಲ್ಲಿ ವಾಪಸ್ ತರೋಕಾಗಲ್ಲ, ಕಪ್ಪಾಗಿರೋದನ್ನ ಸ್ವಲ್ಪ ಮಟ್ಟಿಗೆ ಎತ್ತಬಹುದು, ಅದಕ್ಕೇ ಡೌಟ್ ಇದ್ರೆ ನಾನು ಮೈನಸ್ 1/3 ಕಡೆಗೇ ವಾಲ್ತೀನಿ.

ಇಷ್ಟೆಲ್ಲಾ ಆದ್ಮೇಲೂ ಸರಿ ಹೋಗ್ಲಿಲ್ವಾ

ಈಗ ಕ್ಯಾಮೆರಾ ಮೇಲೆ ಅನುಮಾನ ಪಡೋಣ. ಮೆನುನಲ್ಲಿ ರೀಸೆಟ್ ಮಾಡಿ, ಬ್ಯಾಟರಿ ಫುಲ್ ಚಾರ್ಜ್ ಮಾಡಿ, ಪಿ ಮೋಡ್, ಐಎಸ್ಒ 100, ಮಲ್ಟಿ ಮೀಟರಿಂಗ್, ಕಾಂಪೆನ್ಸೇಶನ್ ಸೊನ್ನೆ.

ಮೋಡ ಇಲ್ದೇ ಇರೋ ದಿನ ಮಧ್ಯಾಹ್ನ ಬಿಸಿಲು ನೇರ ಬಿದ್ದಿರೋ ಏನಾದ್ರೂ ಮಾಮೂಲಿ ವಸ್ತು, ಸೂರ್ಯ ನಿಮ್ಮ ಬೆನ್ನಿಗಿರಲಿ, ಫೋಟೋ ತೆಗೀರಿ. ಫಿಲ್ಮ್ ಕಾಲದ ಸನ್ನಿ 16 ಅನ್ನೋ ಲೆಕ್ಕದ ಪ್ರಕಾರ ಐಎಸ್ಒ 100ಗೆ ಎಫ್ 16ರಲ್ಲಿ 1/100 ಸೆಕೆಂಡ್ ಸರಿಯಾದ ಎಕ್ಸ್‌ಪೋಶರ್, ಅದನ್ನೇ ಇಳಿಸ್ತಾ ಬಂದ್ರೆ ಎಫ್ 5.6ಕ್ಕೆ 1/800, ಎಫ್ 4ಕ್ಕೆ 1/1600. ನಿಮ್ಮ ಫೋಟೋ ನಂಬರ್ ಇದ್ರ ಆಸುಪಾಸು ಒಂದು ಸ್ಟಾಪ್ ಆಚೆ ಈಚೆ ಇದ್ರೆ ಮೀಟರ್ ನೆಟ್ಟಗಿದೆ. ಮಜಾ ಏನಂದ್ರೆ, ನಂಬರ್ ಸರಿಯಾಗಿದ್ದೂ ಫೋಟೋ ಮಾತ್ರ ಸುಣ್ಣ ಬಳಿದಂಗೆ ಬಂದಿದ್ರೆ, ಲೆಕ್ಕ ಸರಿ ಹಾಕಿದೆ ಕೆಲ್ಸ ಸರಿ ಮಾಡಿಲ್ಲ ಅಂತ ಅರ್ಥ, ಅಂದ್ರೆ ಶಟರ್ರೋ ಅಪರ್ಚರ್ರೋ ಅಂಟ್ಕೊಂಡಿದೆ. ತೆಗೆಯೋ ಮುಂಚೆ ಸ್ಕ್ರೀನಲ್ಲಿ ಚೆನ್ನಾಗೇ ಕಾಣ್ತಿದ್ದು, ಸಿಸಿಡಿ ಅನ್ನೋ ಹಳೇ ಥರದ ಸೆನ್ಸರ್ ಇರೋ ಕ್ಯಾಮೆರಾದಲ್ಲಿ ಬಿಸಿಲಿನ ಫೋಟೋ ತುಂಬಾ ಉದ್ದುದ್ದ ಗೆರೆಗಳ ಜೊತೆ ಬೆಳ್ಳಗೆ ಬಂದು, ಕಮ್ಮಿ ಬೆಳಕಿನ ಫೋಟೋ ಸುಮಾರಾಗಿ ಬರ್ತಿದ್ರೆ ಅದು ಶಟರ್ ಪೂರ್ತಿ ಮುಚ್ತಿಲ್ಲ ಅನ್ನೋದ್ರ ಗುರುತು. ಇದು ಸೆಟ್ಟಿಂಗಿಂದ ಸರಿ ಹೋಗಲ್ಲ.

ಲೆನ್ಸಿಗೆ ಇನ್ನೊಂದು ಪರೀಕ್ಷೆ. ನ್ಯೂಸ್‌ಪೇಪರ್ ಒಂದು ಪೂರ್ತಿ ಹಾಳೆ ಗೋಡೆಗೆ ಚಪ್ಪಟೆಯಾಗಿ ಅಂಟ್ಸಿ, ಕ್ಯಾಮೆರಾನ ಏನಾದ್ರೂ ಗಟ್ಟಿ ಇರೋದ್ರ ಮೇಲಿಟ್ಟು ಟೈಮರಲ್ಲಿ ತೆಗೀರಿ. ನಾಲ್ಕೂ ಮೂಲೆ ಮಧ್ಯಕ್ಕಿಂತ ಸ್ವಲ್ಪ ಮೆತ್ತಗಿರೋದು ಸಹಜ, ಈ ಗಾತ್ರದ ಲೆನ್ಸಿಂದ ಅಷ್ಟೇ ಬರೋದು. ಆದ್ರೆ ಎಡಗಡೆ ಅಕ್ಷರ ಓದೋಕಾಗಲ್ಲ ಬಲಗಡೆ ಚೆನ್ನಾಗಿದೆ ಅಂದ್ರೆ, ಕ್ಯಾಮೆರಾನ ತಲೆಕೆಳಗು ಮಾಡಿ ಅದೇ ಫೋಟೋ ಇನ್ನೊಂದು ಸಲ ತೆಗೀರಿ. ಈ ಸಲ ಪೇಪರಿನ ಬಲಗಡೆ ಮಸುಕಾದ್ರೆ ದೋಷ ಕ್ಯಾಮೆರಾ ಜೊತೆ ತಿರುಗಿದೆ, ಲೆನ್ಸ್ ಒಳಗಿನ ಗಾಜು ವಾರೆಯಾಗಿದೆ, ಬಿದ್ದ ಕ್ಯಾಮೆರಾಗಳಲ್ಲಿ ಇದು ಆಗುತ್ತೆ. ಈ ಸಲಾನೂ ಪೇಪರಿನ ಎಡಗಡೆನೇ ಮಸುಕು ಅಂದ್ರೆ ನೀವು ಕ್ಯಾಮೆರಾನ ಸೊಟ್ಟಗೆ ಇಟ್ಟಿದೀರ ಅಷ್ಟೇ.

ಈ ಎರಡು ಪರೀಕ್ಷೆಯಲ್ಲಿ ಯಾವುದಾದ್ರೂ ಫೇಲ್ ಆದ್ರೆ, ಇಲ್ಲಾ ಆನ್ ಮಾಡಿದಾಗ ಲೆನ್ಸ್ ಕಟಕಟ ಅಂತ ಅರ್ಧಕ್ಕೇ ನಿಲ್ತಿದ್ರೆ, ಸರ್ವೀಸ್‌ಗೆ ಕೊಡಿ. ಲೆನ್ಸನ್ನ ಕೈಯಲ್ಲಿ ಎಳೆಯೋದು, ತಟ್ಟೋದು ಇದೆಲ್ಲಾ ಬೇಡ. ಕೊಡುವಾಗ ಸುಮ್ನೆ ಫೋಕಸ್ ಸರಿಯಿಲ್ಲ ಅನ್ಬೇಡಿ, ಅಂಗಡಿಯವ್ರು ಹತ್ರದ ಟೇಬಲ್ಲಿನ ಒಂದು ಫೋಟೋ ತೆಗ್ದು ಚೆನ್ನಾಗಿದ್ಯಲ್ಲ ಅಂತ ವಾಪಸ್ ಕೊಟ್ಬಿಡ್ತಾರೆ, ನನಗಾದ ಹಾಗೆ. ತಲೆಕೆಳಗು ಮಾಡಿ ತೆಗ್ದ ಎರಡು ಪೇಪರ್ ಫೋಟೋ, ಬಿಸಿಲಿನ ಒಂದು ಫೋಟೋ, ಮೂರನ್ನೂ ಕಾರ್ಡಲ್ಲೇ ಬಿಟ್ಟು ಅವ್ರ ಮುಂದೇನೇ ಸ್ಕ್ರೀನಲ್ಲಿ ಝೂಮ್ ಮಾಡಿ ತೋರ್ಸಿ. ಅದಕ್ಕೂ ಮುಂಚೆ ಕಾರ್ಡಲ್ಲಿರೋ ಬೇರೆ ಫೋಟೋಗಳನ್ನೆಲ್ಲಾ ಕಂಪ್ಯೂಟರಿಗೆ ಕಾಪಿ ಮಾಡ್ಕೊಂಡಿರಿ.